ಹಲಗೆ ಎಂದ ಹಿರಿಯರಿಗೆ

ಗಿಟಾರ್ ಅಂಗಡಿಯ ಬೆಂಚಿನ ಮೇಲೆ, ಆರ್ಕೆಸ್ಟ್ರಾ ವ್ಯಾನಿನ ಮುಂದಿನ ಸೀಟಿನಲ್ಲಿ, ಸ್ಟುಡಿಯೋದ ಕಾಫಿ ಬಿಡುವಿನಲ್ಲಿ ಸದಾ ದರ್ಶನ ಕೊಡುವ, ‘ಗಿಟಾರ್ ಅಂದ್ರೆ ಲೆಸ್ ಪಾಲ್, ಮಿಕ್ಕಿದ್ದೆಲ್ಲ ಮರದ ತುಂಡು’ ಎಂದು ತೀರ್ಪು ಕೊಡುವ ಪೂಜ್ಯ ಹಿರಿಯರ ಸನ್ನಿಧಿಗೆ ಸಾಷ್ಟಾಂಗ ನಮಸ್ಕಾರಗಳು.

ತಮ್ಮ ಋಣ ದೊಡ್ಡದು, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೊಸ ತಂತಿ ಕಟ್ಟುವಾಗ ಕೀಲಿಗೆ ಎಷ್ಟು ಸುತ್ತು ಬಿಡಬೇಕು, ಜಾಕ್ ಕಿತ್ತುಬಂದರೆ ಹೇಗೆ ಬೆಸುಗೆ ಹಾಕಬೇಕು, ಹಾಡುವವರು ಬಾಯಿ ತೆರೆದ ಕ್ಷಣ ಗಿಟಾರಿನವನು ಹೇಗೆ ಕೈ ಹಿಡಿಯಬೇಕು, ಇದೆಲ್ಲ ತಾವು ಹೇಳಿಕೊಟ್ಟದ್ದು. ಒಂದು ರೂಪಾಯಿ ಕೇಳಲಿಲ್ಲ. ಆದ್ದರಿಂದಲೇ ತಮ್ಮ ಮಾತು ನನಗೆ ವೇದವಾಗಿತ್ತು, ಆದ್ದರಿಂದಲೇ ಈ ಪತ್ರ ಬರೆಯುವಾಗ ಕೈ ನಡುಗುತ್ತಿದೆ.

2009ರಲ್ಲಿ ನನ್ನ ಬಳಿ ಟೆಲಿಕಾಸ್ಟರ್ ಮಾದರಿಯ ಒಂದು ಗಿಟಾರ್ ಇತ್ತು. ಬೆಣ್ಣೆ ಬಣ್ಣ, ಕಪ್ಪು ಪಿಕ್‌ಗಾರ್ಡ್. ನೆಕ್ಕಿನ ಹಿಂಬದಿಯಲ್ಲಿ, ಐದನೇ ಫ್ರೆಟ್ಟಿನ ಹತ್ತಿರ, ಹೆಬ್ಬೆರಳು ಕೂರುವಷ್ಟು ಜಾಗದಲ್ಲಿ ವಾರ್ನಿಷು ಸವೆದು ಮೇಪಲ್ ಮರ ಬೂದು ಬಣ್ಣಕ್ಕೆ ತಿರುಗಿತ್ತು. ಕರೆಂಟು ಹೋದರೂ ಹೆಬ್ಬೆರಳು ತಾನಾಗಿ ಆ ಜಾಗಕ್ಕೆ ಹೋಗಿ ಕೂರುತ್ತಿತ್ತು. ತಾವು ಅದನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ, ‘ಏನಪ್ಪಾ ಇದು, ತರಕಾರಿ ಹೆಚ್ಚೋ ಹಲಗೆ!’ ಅಂದಿರಿ. ಬೆಂಚಿನವರೆಲ್ಲ ನಕ್ಕರು. ಮೂರು ವಾರದೊಳಗೆ ನಾನದನ್ನು ಮಾರಿಬಿಟ್ಟೆ.

ತಮ್ಮ ಆ ಮಾತಿಗೂ ಒಂದು ಋಣವಿದೆ. ಅದು ಮನಸ್ಸಿನಲ್ಲಿ ಮುಳ್ಳಾಗಿ ಉಳಿದದ್ದರಿಂದಲೇ ನಾನು ಈ ವಾದ್ಯಗಳ ಹುಟ್ಟುಗತೆಯನ್ನು ಹುಡುಕಿಕೊಂಡು ಹೋದೆ. ಹೋದವನಿಗೆ ಮೊದಲು ಎದುರಾದದ್ದೇ ಒಂದು ಹಲಗೆ. ತಮ್ಮ ಆರಾಧ್ಯ ಗಿಟಾರಿಗೆ ಹೆಸರು ಕೊಟ್ಟ ಲೆಸ್ ಪಾಲ್ ಎಂಬ ವಾದಕ 1940ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ, ಕೆಲಸಗಾರರಿಲ್ಲದ ಭಾನುವಾರಗಳಂದು ಕೂತು, ನಾಲ್ಕಿಂಚು ಅಗಲ ನಾಲ್ಕಿಂಚು ದಪ್ಪದ ಒಂದು ಮರದ ತೊಲೆಗೆ ನೆಕ್ಕು, ತಂತಿ, ತಂತಿಯ ಕಂಪನ ಹಿಡಿಯುವ ಪಿಕಪ್ ಜೋಡಿಸಿದರು. ಬರೀ ತೊಲೆಯನ್ನು ಕಂಡು ಜನ ಮುಖ ಸಿಂಡರಿಸುತ್ತಾರೆಂದು ಒಂದು ಹಳೇ ಗಿಟಾರಿನ ಒಡಲನ್ನು ಸೀಳಿ ಎರಡೂ ಪಕ್ಕಕ್ಕೆ ರೆಕ್ಕೆಯ ಹಾಗೆ ಅಂಟಿಸಿದರು. ಅದರ ಹೆಸರೇ ‘ದಿ ಲಾಗ್’. ಗಿಬ್ಸನ್ ಕಂಪನಿಗೆ ತೋರಿಸಿದಾಗ ಪೊರಕೆ ಕಡ್ಡಿಗೆ ಪಿಕಪ್ ಕಟ್ಟಿದ್ದಾನೆ ಎಂದು ನಕ್ಕು ಕಳಿಸಿದರಂತೆ. ಅವರು ನಗುವುದನ್ನು ನಿಲ್ಲಿಸಿದ್ದು ಯಾವಾಗ ಗೊತ್ತೇ? 1950ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನ ರೇಡಿಯೋ ರಿಪೇರಿಯವರೊಬ್ಬರು, ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರ್, ನನ್ನ ಆ ಹಲಗೆಯ ಮೂಲರೂಪವನ್ನು ಮಾರಾಟಕ್ಕೆ ಇಟ್ಟ ಮೇಲೆ. ಅದಕ್ಕೆ ಬ್ರಾಡ್‌ಕಾಸ್ಟರ್ ಎಂದು ಹೆಸರಿಟ್ಟರು. ಗ್ರೆಚ್ ಕಂಪನಿ ತನ್ನ ಡ್ರಮ್ಮಿಗೆ ಆ ಹೆಸರು ಮೊದಲೇ ಇದೆಯೆಂದು ತಕರಾರು ತೆಗೆದಾಗ, ಅಚ್ಚಾಗಿದ್ದ ಲೇಬಲ್ಲಿನಿಂದ ಹೆಸರನ್ನಷ್ಟೇ ಕತ್ತರಿಸಿ ಕೆಲವು ತಿಂಗಳು ಹೆಸರಿಲ್ಲದೆಯೇ ಮಾರಿದರು. 1951ರಲ್ಲಿ ಟೆಲಿಕಾಸ್ಟರ್ ಆಯಿತು. ತಮ್ಮ ಲೆಸ್ ಪಾಲ್ ಮಿಷಿಗನ್ನಿನ ಕಲಮಜೂದ ಗಿಬ್ಸನ್ ಕಾರ್ಖಾನೆಯಿಂದ ಹೊರಬಂದದ್ದು 1952ರಲ್ಲಿ. ಹಲಗೆ ಮೊದಲು ಬಂತು ಸ್ವಾಮಿ, ಅದರ ಹಿಂದೆ ತಮ್ಮ ದೇವರು ಬಂದರು.

ಲೆಸ್ ಪಾಲ್ ಸನಾತನ ಎಂದು ತಾವು ಹೇಳುತ್ತಿದ್ದಿರಿ. ತಮ್ಮ ಪಾದ ಮುಟ್ಟಿ ಒಂದು ವಿಷಯ ನೆನಪಿಸಲೇ? ಇವತ್ತು ಕೋಟಿಗಳ ಬೆಲೆ ಹೇಳುವ ಆ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್ ತಯಾರಾದದ್ದು 1958ರಿಂದ 1960ರವರೆಗೆ ಮಾತ್ರ. ಕೊಳ್ಳುವವರಿಲ್ಲದೆ ಕಂಪನಿಯೇ ಅದನ್ನು ಕೈಬಿಟ್ಟು, 1961ರಲ್ಲಿ ಎರಡು ಕೊಂಬಿನ ತೆಳು ಗಿಟಾರನ್ನು ತಂದಿತು, ನಾವು ಈಗ ಎಸ್‌ಜಿ ಅನ್ನುವುದು ಅದನ್ನೇ. 1966ರಲ್ಲಿ ಎರಿಕ್ ಕ್ಲಾಪ್ಟನ್ ಇಂಗ್ಲೆಂಡಿನಲ್ಲಿ ಜಾನ್ ಮೇಯಾಲ್ ಜೊತೆ ಹಳೆಯ ಲೆಸ್ ಪಾಲ್ ಒಂದನ್ನು ಮಾರ್ಷಲ್ ಆಂಪಿಗೆ ಸಿಕ್ಕಿಸಿ ನುಡಿಸಿದ ಮೇಲೆ ಹುಡುಗರು ಅದನ್ನು ಹುಡುಕಿಕೊಂಡು ಅಲೆದರು. 1968ರಲ್ಲಿ ಕಂಪನಿ ಮತ್ತೆ ತಯಾರಿಸತೊಡಗಿತು. ಇಷ್ಟಾದ ಮೇಲೆ ಆ ಕ್ಲಾಪ್ಟನ್ ಏನು ಮಾಡಿದರು? ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಹಿಡಿದು ಅದರ ಜೊತೆಗೇ ಬದುಕು ಕಳೆದರು.

ಜಿಮ್ಮಿ ಪೇಜ್ ಅವರ ಫೋಟೋವನ್ನು ಪರ್ಸಿನಲ್ಲಿಟ್ಟುಕೊಂಡಿದ್ದಿರಿ. ಅವರ ಹೆಸರು ಎತ್ತಿದಾಗಲೆಲ್ಲ ನನ್ನನ್ನು ಒಂದು ಸಲ ನೋಡುತ್ತಿದ್ದಿರಿ. ಲೆಡ್ ಜೆಪ್ಲಿನ್ನಿನ 1969ರ ಮೊದಲ ಆಲ್ಬಮ್ಮಿನಲ್ಲಿ ಪೇಜ್ ಕೈಯಲ್ಲಿದ್ದದ್ದು ಟೆಲಿಕಾಸ್ಟರ್. 1971ರ ‘ಸ್ಟೇರ್‌ವೇ ಟು ಹೆವನ್’ ಸೋಲೋವನ್ನು ಮುದ್ರಿಸಿದ್ದೂ ಟೆಲಿಕಾಸ್ಟರಿನಲ್ಲೇ. ಆ ಸೋಲೋ ಕೇಳಿಸಿ, ‘ನೋಡು, ಇದಪ್ಪಾ ಲೆಸ್ ಪಾಲ್ ಅಂದ್ರೆ’ ಎಂದು ತಾವು ಕಣ್ಣು ಮುಚ್ಚಿದ್ದು ನನಗಿನ್ನೂ ನೆನಪಿದೆ. ಆ ದಿನ ತಮ್ಮ ಕಣ್ಣಲ್ಲಿ ನೀರಿತ್ತು. ಆ ನೀರಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ತಮ್ಮನ್ನು ಅಳಿಸಿದ್ದು ಹಲಗೆ ಎಂಬುದನ್ನು ಮಾತ್ರ ಹೇಳದೆ ಇರಲಾರೆ.

ಶಬ್ದದ ವಿಷಯದಲ್ಲಿ ತಮ್ಮ ಆಕ್ಷೇಪ ನ್ಯಾಯವೇ. ಗಣೇಶನ ಪೆಂಡಾಲಿನಲ್ಲಿ, ಅರ್ಥಿಂಗ್ ಇಲ್ಲದ ಬೋರ್ಡಿನಿಂದ ವೈರು ಎಳೆದು, ಸೀರಿಯಲ್ ಸೆಟ್ಟಿನ ಪಕ್ಕದಲ್ಲಿ ನಿಂತರೆ ನನ್ನ ಗಿಟಾರ್ ಜೇನುಗೂಡಿನಂತೆ ಗುಂಯ್‌ಗುಟ್ಟುತ್ತಿತ್ತು. ಒಂದೇ ಸುರುಳಿಯ ಪಿಕಪ್ ಮಾಡುವ ಕೆಲಸವೇ ಅದು, ತಂತಿಯ ಕಂಪನದ ಜೊತೆಗೆ ಸುತ್ತಲಿನ ಕರೆಂಟಿನ ಗುಂಯ್ ಅನ್ನೂ ಹಿಡಿಯುತ್ತದೆ. ಗಿಬ್ಸನ್ನಿನ ಸೆತ್ ಲವರ್ 1955ರಲ್ಲಿ ಇದಕ್ಕೆ ಉಪಾಯ ಕಂಡರು. ಎರಡು ಸುರುಳಿ, ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ, ಆಯಸ್ಕಾಂತದ ಧ್ರುವವೂ ವಿರುದ್ಧ. ಗುಂಯ್ ಅಳಿಯುತ್ತದೆ, ನಾದ ಕೂಡುತ್ತದೆ. 1957ರಿಂದ ಲೆಸ್ ಪಾಲಿಗೆ ಆ ಹಂಬಕರ್ ಬಂತು, ಆ ದಪ್ಪ, ಬೆಲ್ಲದ ಪಾಕದಂಥ ದನಿ ಬಂತು. ಅದಕ್ಕೆ ನಾನು ತಲೆಬಾಗುತ್ತೇನೆ.

ಆದರೆ ನಮ್ಮ ಆರ್ಕೆಸ್ಟ್ರಾದಲ್ಲಿ ಎರಡು ಕೀಬೋರ್ಡು, ಒಂದು ರಿದಂ ಪ್ಯಾಡು, ಡೋಲಕ್ಕು, ತಬಲ, ಬೇಸ್. ತಮ್ಮ ಅಪ್ಪಣೆಯಂತೆ ಲೆಸ್ ಪಾಲ್ ಮಾದರಿಯ ಗಿಟಾರ್ ತಂದು ನಿಂತ ದಿನದಿಂದ ನನ್ನ ರಿದಂ ಕೀಬೋರ್ಡಿನ ದನಿಯೊಳಗೆ ಕರಗಿಹೋಯಿತು. ರಾಜನ್–ನಾಗೇಂದ್ರ ಅವರ ಹಾಡುಗಳಿಗೆ ನಾನು ಎಷ್ಟು ಮುತುವರ್ಜಿಯಿಂದ ಕಾರ್ಡ್ ಕಟ್ಟಿದರೂ ಮುಂದಿನ ಸಾಲಿನವರಿಗೂ ಕೇಳಿಸಲಿಲ್ಲ. ನಾನು ಮಾರಿದ ಹಲಗೆಯಲ್ಲಾದರೋ, ಸ್ಟೀಲ್ ತಟ್ಟೆಯ ಮೇಲೆ ಕೂತ ಬ್ರಿಡ್ಜ್ ಪಿಕಪ್ಪಿನ ಚುರುಕು ದನಿ ಡೋಲಕ್ಕನ್ನೂ ಸೀಳಿಕೊಂಡು ಹೋಗುತ್ತಿತ್ತು. ಅದು ನನ್ನ ಕೆಲಸಕ್ಕೆ ಬೇಕಾದ ದನಿ. ತಾವು ಲೀಡ್ ನುಡಿಸುವವರು, ನಾನು ರಿದಂ ನುಡಿಸುವವನು. ನಮ್ಮಿಬ್ಬರಿಗೆ ಬೇಕಾದದ್ದು ಬೇರೆ ಬೇರೆ ಎಂಬುದು ತಮಗೆ ಹೊಳೆಯಲೇ ಇಲ್ಲವಲ್ಲ, ಅದೇ ನನ್ನ ದೊಡ್ಡ ಸಂಕಟ.

ಭಾರದ ಮಾತೂ ಇದೆ. ಆ ಲೆಸ್ ಪಾಲ್ ಮಾದರಿಯದ್ದು ನಾಲ್ಕೂವರೆ ಕಿಲೋ, ರಾತ್ರಿ ಎಂಟರಿಂದ ಹನ್ನೆರಡರವರೆಗೆ, ಎಡ ಭುಜದ ಮೇಲೆ. ‘ಭಾರ ಇದ್ರೇನೇ ನಾದ ಕಣೋ’ ಅಂದಿರಿ. ಇದನ್ನು ನಾನು ಹನ್ನೊಂದು ವರ್ಷ ನಂಬಿದೆ. 1954ರ ಸ್ಟ್ರಾಟೋಕಾಸ್ಟರಿನ ಕಥೆ ಓದಿದಾಗ ಕಣ್ಣು ತೆರೆಯಿತು. ಟೆಲಿಕಾಸ್ಟರಿನ ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ಬಿಲ್ ಕಾರ್ಸನ್‌ರಂಥ ವಾದಕರು ದೂರಿದರು. ಲಿಯೋ ಫೆಂಡರ್ ಮತ್ತು ಫ್ರೆಡ್ಡಿ ಟವಾರೆಸ್ ಆ ದೂರನ್ನು ಕಿವಿಗೆ ಹಾಕಿಕೊಂಡು ಹೊಟ್ಟೆಗೂ ಮೊಣಕೈಗೂ ತಕ್ಕಂತೆ ಮರವನ್ನು ಇಳಿಜಾರಾಗಿ ಕೊರೆಸಿದರು. ಮೂರು ಪಿಕಪ್ಪಿಗೆ ಮೂರು ಸ್ಥಾನದ ಸ್ವಿಚ್ಚು ಇತ್ತು. ವಾದಕರು ಅದನ್ನು ನಡುವೆ ಸಿಕ್ಕಿಸಿ ನಿಲ್ಲಿಸಿ ಹೊಸ ದನಿ ತೆಗೆದರು. 1977ರಲ್ಲಿ ಕಂಪನಿ ಐದು ಸ್ಥಾನದ ಸ್ವಿಚ್ಚನ್ನೇ ಹಾಕಿತು. ಗಿಟಾರ್ ಮಾಡಿದವರೇ ನುಡಿಸುವವನ ಪಕ್ಕೆಲುಬಿನ ಮಾತು ಕೇಳಿದರು. ತಾವೂ ನನ್ನ ಭುಜವನ್ನು ಒಂದು ಸಲ ಕೇಳಬಹುದಿತ್ತು.

ಫಿಂಗರ್‌ಬೋರ್ಡಿಗೆ ಬ್ರೆಜಿಲ್ಲಿನ ರೋಸ್‌ವುಡ್ಡೇ ಆಗಬೇಕು ಎಂದದ್ದಕ್ಕೆ ಒಂದೇ ಮಾತು. 1992ರಿಂದ ಆ ಮರದ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವಿದೆ. ಇವತ್ತು ದೇಶದೇಶಗಳ ಗಿಟಾರಿಗೆ ಹೋಗುವ ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಮಲೆನಾಡಿನ ಬೀಟೆ, ಕಾಫಿ ತೋಟಕ್ಕೆ ನೆರಳು ಕೊಡುವ ಅದೇ ಮರ. ನಮ್ಮಜ್ಜನ ಮನೆಯ ಕಂಬವನ್ನು ಮುಟ್ಟಿದ ಕೈಗೆ ಅದು ಅಗ್ಗ ಅನ್ನಿಸುವುದಿಲ್ಲ.

ಈಗ ನನ್ನ ದೀನ ಬಿನ್ನಹ. ನನ್ನಲ್ಲಿ ಕಲಿಯುವ ಹದಿಮೂರರ ಹುಡುಗಿಯೊಬ್ಬಳು ಬರುವ ಭಾನುವಾರ ಅಪ್ಪನ ಜೊತೆ ತಾವು ಕೂರುವ ಅಂಗಡಿಗೆ ಬರುತ್ತಾಳೆ. ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಎರಡು ವರ್ಷ ದುಡ್ಡು ಕೂಡಿಟ್ಟಿದ್ದಾಳೆ. ಅವಳ ಬೆರಳು ಗಿಡ್ಡ. ಇಪ್ಪತ್ತೈದೂವರೆ ಇಂಚಿನ ಫೆಂಡರ್ ಅಳತೆಗಿಂತ ಇಪ್ಪತ್ತನಾಲ್ಕೂ ಮುಕ್ಕಾಲರ ಗಿಬ್ಸನ್ ಅಳತೆಯೇ ಅವಳಿಗೆ ಹಿತವಾಗಬಹುದು, ಫ್ರೆಟ್ಟುಗಳು ಹತ್ತಿರ, ತಂತಿಯ ಬಿಗಿಯೂ ಕಡಿಮೆ. ಅವಳು ಲೆಸ್ ಪಾಲನ್ನೇ ಎತ್ತಿಕೊಂಡರೆ ನನಗೆ ಸಂತೋಷ. ಕೊಂಬಿನದ್ದು ಎತ್ತಿಕೊಂಡರೂ ಸಂತೋಷ. ತಾವು ಆಂಪಿನ ಸ್ವಿಚ್ಚು ಹಾಕಿ, ಸ್ಟ್ರಾಪಿನ ಉದ್ದ ಸರಿಮಾಡಿಕೊಟ್ಟು, ಬೆಂಚಿನ ಮೇಲೆ ಅವಳಿಗೂ ಒಂದಿಷ್ಟು ಜಾಗ ಬಿಡಿ. ಅರ್ಧ ಗಂಟೆ ಅವಳಷ್ಟಕ್ಕೆ ಅವಳು ನುಡಿಸಲಿ. ಆಮೇಲೆ ಅವಳಾಗಿ ಕೇಳಿದರೆ, ನನಗೆ ಹೇಳಿಕೊಟ್ಟ ಹಾಗೆ, ತಂತಿ ಕಟ್ಟುವುದನ್ನು ಹೇಳಿಕೊಡಿ. ಅದನ್ನು ತಮ್ಮಷ್ಟು ಚೆನ್ನಾಗಿ ಹೇಳಿಕೊಡುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ.

ಇನ್ನೊಂದು. ಬೆಣ್ಣೆ ಬಣ್ಣದ, ಕಪ್ಪು ಪಿಕ್‌ಗಾರ್ಡಿನ ಹಳೇ ಗಿಟಾರೊಂದನ್ನು ಯಾರಾದರೂ ಆ ಅಂಗಡಿಗೆ ಮಾರಲು ತಂದರೆ, ನೆಕ್ಕಿನ ಹಿಂದೆ ಐದನೇ ಫ್ರೆಟ್ಟಿನ ಹತ್ತಿರ ಬೆರಳಾಡಿಸಿ ನೋಡಿ. ಅಲ್ಲಿ ವಾರ್ನಿಷು ಸವೆದಿದ್ದರೆ, ದಯವಿಟ್ಟು ಅವರಿಗೆ ಒಂದು ಲೋಟ ಕಾಫಿ ಕೊಡಿಸಿ ಕೂರಿಸಿಕೊಂಡು, ನನಗೊಂದು ಫೋನ್ ಮಾಡಿ. ಎಷ್ಟು ಹೊತ್ತಾದರೂ ಬರುತ್ತೇನೆ.

ಇಂತಿ ತಮ್ಮ ವಿಧೇಯ,
ರಿದಂ ಗಿಟಾರಿನ ಹುಡುಗ