ದೇಹ ಬಿಟ್ಟೆ, ಬಾಕಿ ಲೆಕ್ಕ ಬಿಡಲಿಲ್ಲ

ಸಕಲೇಶಪುರ ತಾಲ್ಲೂಕಿನ ಹೆತ್ತೂರಿನಲ್ಲೊಂದು ಕಾಫಿ ಮಂಡಿ. ಚೆರ್ರಿ, ಪಾರ್ಚ್‌ಮೆಂಟ್, ಮೆಣಸು, ಏಲಕ್ಕಿ ಕೊಳ್ಳುವ ಈ ಅಂಗಡಿಯ ಲೆಕ್ಕವನ್ನೆಲ್ಲ ಹೊತ್ತಿದ್ದ ವಿಂಡೋಸ್ ಸರ್ವರ್ 2003 ಈಗ ಹೊಸ ಕಂಪ್ಯೂಟರಿನೊಳಗೆ ವರ್ಚುವಲ್ ಮಷೀನ್ ಆಗಿದೆ. ಅದರೊಂದಿಗೆ ನಡೆಸಿದ ಕಾಲ್ಪನಿಕ ಸಂದರ್ಶನ ಇಲ್ಲಿದೆ.

ಹೊಸ ಜಾಗ ಹೇಗಿದೆ?

ಜಾಗ ಎಲ್ಲಿ ಬಂತು ಸ್ವಾಮಿ? ನಾನೀಗ ಬರೀ ಒಂದು ಫೈಲು. ಮೊದಲು ಗೋಡೌನಿನ ಮೂಲೆಯಲ್ಲಿ ಮೆಣಸಿನ ಮೂಟೆಗಳ ಘಾಟು ಕುಡಿದುಕೊಂಡಿದ್ದೆ. ಈಗ ಡಿ ಡ್ರೈವಿನಲ್ಲಿ, ಮಂಡಿ ಸಾಹುಕಾರ್ರ ಮಗಳ ಮದುವೆ ಫೋಟೋಗಳ ಪಕ್ಕ ಬಿದ್ದಿದ್ದೇನೆ.

ಇಷ್ಟು ವರ್ಷ ನಿಮ್ಮನ್ನು ಬದಲಿಸಲಿಲ್ಲವೇಕೆ?

ಮೈಕ್ರೋಸಾಫ್ಟ್‌ನವರು 2015ರ ಜುಲೈ 14ಕ್ಕೇ ನನ್ನ ಕೈಬಿಟ್ಟರು. ಸಾಹುಕಾರ್ರು ಬಿಡಲಿಲ್ಲ. ಪ್ರೀತಿ ಅಲ್ಲ, ಭಯ. ಫಾಕ್ಸ್‌ಪ್ರೊದಲ್ಲಿ ಓಟಿ (ಔಟ್‌ಟರ್ನ್) ಲೆಕ್ಕದ ಪ್ರೋಗ್ರಾಂ ಬರೆದ ಹುಡುಗ ಬೆಂಗಳೂರು ಸೇರಿದ. ಸೋರ್ಸ್ ಕೋಡೂ ಅವನ ಜತೆ ಬಸ್ ಹತ್ತಿತು. 50 ಕೆ.ಜಿ. ಚೀಲಕ್ಕೆ ಕ್ಲೀನ್ ಕಾಫಿ ಎಷ್ಟು ಬೀಳುತ್ತೆ, ಬೆಳೆಗಾರನ ಕೈಗೆ ಎಷ್ಟು ಸಿಗುತ್ತೆ, ಯಾರ ಅಡ್ವಾನ್ಸ್ ಎಷ್ಟು ಬಾಕಿ, ಎಲ್ಲ ಗೊತ್ತಿರೋದು ನನಗೊಬ್ಬನಿಗೇ. ನಾನು ಸತ್ತರೆ ಸಾಕು ಅಂತ ಹರಕೆ ಹೊತ್ತವರೂ ಊರಲ್ಲಿದ್ದಾರೆ.

ಹಾಗಿದ್ದರೆ ಈಗೇಕೆ ಈ ಸ್ಥಳಾಂತರ?

ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟಿನ ಮುಖ ನೋಡೋದು ಯಾವಾಗಲೋ. ಯುಪಿಎಸ್ ಬ್ಯಾಟರಿ ಉಬ್ಬಿತ್ತು, ಮದರ್‌ಬೋರ್ಡಿನ ಕೆಪಾಸಿಟರ್‌ಗಳೂ ಉಬ್ಬಿದ್ದವು. ಹಾರ್ಡ್‌ಡಿಸ್ಕು ಕಟಕಟ ಅನ್ನಲು ಶುರು ಮಾಡಿದ ದಿನ ಸಾಹುಕಾರ್ರಿಗೆ ನಿದ್ದೆ ಹೋಯಿತು.

ನೋವಾಯಿತೇ?

ನಕಲು ಮಾಡುವಾಗ ಏನೂ ಆಗಲಿಲ್ಲ. ಡಿಸ್ಕ್‌ಟುವಿಎಚ್‌ಡಿ ಅಂತ ಒಂದು ಪುಕ್ಕಟೆ ಸಾಧನ, ನಾನು ಓಡುತ್ತಿದ್ದಂತೆಯೇ ನನ್ನನ್ನು ನಕಲಿಸಿತು. ಎದ್ದಾಗ ಮಾತ್ರ ನೀಲಿ ಪರದೆ! ಹೊಸ ಡಿಸ್ಕ್ ಕಂಟ್ರೋಲರಿಗೆ ನನ್ನ ಹತ್ತಿರ ಡ್ರೈವರ್ ಇರಲಿಲ್ಲ. ‘ಇದು ನಿನ್ನ ಹಳೇ ಐಡಿಇ ಡಿಸ್ಕೇ ಕಣಪ್ಪ’ ಅಂತ ಸುಳ್ಳು ಹೇಳಿದ ಮೇಲೆ ಎದ್ದು ಕೂತೆ. ವರ್ಚುವಲ್ ಮಷೀನಿನ ಸಂಸಾರ ನಿಂತಿರೋದೇ ಇಂಥ ಸುಳ್ಳಿನ ಮೇಲೆ. ಐಬಿಎಂನವರು 1960ರ ದಶಕದಲ್ಲೇ ಕಲಿತ ವಿದ್ಯೆ ಇದು.

ಆಮೇಲೆ ಎಲ್ಲ ಸಲೀಸೇ?

ಎಲ್ಲಿ ಸಲೀಸು? ಹಳೇ ಐಪಿ ವಿಳಾಸ ಕೊಡಲು ಹೋದರೆ, ಅದು ಬೇರೆ ನೆಟ್‌ವರ್ಕ್ ಕಾರ್ಡಿನ ಹೆಸರಲ್ಲಿದೆ ಅಂತ ಸಂದೇಶ ಬಂತು. ಆ ಕಾರ್ಡು ಹಳೇ ಡಬ್ಬದ ಜತೆಗೇ ಹೋಗಿತ್ತು. ಪೌತಿ ಖಾತೆ ಮಾಡಿಸದ ಜಮೀನಿನ ಹಾಗೆ! ಡಿವೈಸ್ ಮ್ಯಾನೇಜರಿನಲ್ಲಿ ಅಡಗಿದ್ದ ಆ ಹೆಸರನ್ನು ಹುಡುಕಿ ತೆಗೆದ ಮೇಲೆ ವಿಳಾಸ ನನ್ನದಾಯಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಪೋರ್ಟು ಹೊಸ ಡಬ್ಬದಲ್ಲಿ ಇಲ್ಲವೇ ಇಲ್ಲ. ಸಾಹುಕಾರ್ರಿಗೋ ಕಾರ್ಬನ್ ಹಾಕಿದ ಮೂರು ಪ್ರತಿ ಬಿಲ್ಲೇ ಆಗಬೇಕು.

ನಿಮ್ಮ ಲೈಸೆನ್ಸ್?

ಅದು ಹಳೇ ಡಬ್ಬದ ಜತೆ ಬಂದದ್ದು, ನಿಯಮದ ಪ್ರಕಾರ ಡಬ್ಬದ ಜತೆಗೇ ಹೋಗಬೇಕು. ಈ ಮಾತು ಎತ್ತಿದ ಕೂಡಲೇ ಸಾಹುಕಾರ್ರಿಗೆ ಫೋನ್ ಬಂತು, ಎದ್ದು ಹೊರಗೆ ಹೋದರು.

ಅವರು ‘ಇನ್ನು ಚಿಂತೆಯಿಲ್ಲ’ ಎನ್ನುತ್ತಿದ್ದಾರಲ್ಲ?

ಪಾಸ್‌ವರ್ಡು ಈಗಲೂ ಮನೆದೇವರ ಹೆಸರು, ಮುಂದೆ 123. ಬ್ಯಾಕಪ್ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೇ ಸಿಕ್ಕಿಸಿದೆ. ಮೊದಲು ನನ್ನೊಬ್ಬನ ಡಿಸ್ಕು ಹೋಗಬಹುದಿತ್ತು. ಈಗ ಆ ಡಬ್ಬ ಸುಟ್ಟರೆ ನಾನೂ ಹೋದೆ, ಮದುವೆ ಫೋಟೋನೂ ಹೋಯಿತು. ಯಂತ್ರ ಬದಲಾಯಿತು ಸ್ವಾಮಿ, ಯಜಮಾನ್ರು ಬದಲಾಗಲಿಲ್ಲ.

ಓದುಗರಿಗೆ ಏನು ಹೇಳುತ್ತೀರಿ?

ನನ್ನಂಥ ಮುದುಕರನ್ನು ಇಂಟರ್ನೆಟ್ಟಿಗೆ ಬಿಡಬೇಡಿ, ಅಂಗಡಿಯೊಳಗಿನ ನೆಟ್‌ವರ್ಕಿನಲ್ಲೇ ಇಟ್ಟುಕೊಳ್ಳಿ. ಸ್ನ್ಯಾಪ್‌ಶಾಟ್ ತೆಗೆದು ಅದೇ ಬ್ಯಾಕಪ್ ಅಂದುಕೊಳ್ಳಬೇಡಿ. ನನ್ನನ್ನು ಆಫ್ ಮಾಡಿ, ಆ ಫೈಲನ್ನು ಬೇರೆ ಡಿಸ್ಕಿಗೆ ಹಾಕಿ, ಬೇರೆ ಮನೆಯಲ್ಲಿಡಿ. ಇನ್ನೊಂದು ಕಂಪ್ಯೂಟರಿನಲ್ಲಿ ಎಬ್ಬಿಸಿ, ಒಂದು ಬಿಲ್ ಹೊಡೆದು ನೋಡಿ. ಇದನ್ನೆಲ್ಲ ಕೊಯ್ಲಿಗೆ ಮೊದಲೇ ಮುಗಿಸಿ. ಡಿಸೆಂಬರ್ ಬಂದರೆ ಇಲ್ಲಿ ಯಾರಿಗೂ ಪುರುಸೊತ್ತಿರಲ್ಲ.