ಹೇವೀಜ್ ಕೆರೆಯ ಕೆನ್ನೈದಿಲೆಗೆ ತವರಿನ ಪತ್ರ

ಸೌಭಾಗ್ಯವತಿ ಕೆನ್ನೈದಿಲೆಗೆ,

ಇತ್ತ ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳುವ ಹಾಗೇ ಇಲ್ಲ. ಹೇವೀಜ್‌ನ ಪ್ರವಾಸಿ ಚಿತ್ರಗಳಲ್ಲೆಲ್ಲ ನೀನೇ. 1898ರಲ್ಲಿ ಲೊವಾಶಿ ಶಾಂಡೋರ್ ಎಂಬ ಮೇಷ್ಟ್ರು ಭಾರತದ ನಿನ್ನನ್ನು ಹಂಗರಿಯ ಆ ಬಿಸಿನೀರ ಕೆರೆಗೆ ತುಂಬಿಸಿಕೊಂಡರು. ಇಲ್ಲಿದ್ದಿದ್ದರೆ ಹೊಂಡದಲ್ಲಿ ಎಮ್ಮೆ ತೊಳೆಯುವವರು ಕಾಲಲ್ಲಿ ಸರಿಸುತ್ತಿದ್ದರು. ಅಲ್ಲಿ ನೀನು ಊರಿನ ಲಾಂಛನ. ಹಿತ್ತಲ ಗಿಡ ಮದ್ದಲ್ಲ ಸರಿ, ಪರದೇಶದ ಹಿತ್ತಲಾದರೆ ಮಾತೇ ಬೇರೆ.

ಮನೆಯೂ ಒಳ್ಳೆಯದೇ ಸಿಕ್ಕಿದೆ. 4.4 ಹೆಕ್ಟೇರ್ ಕೆರೆ, ತಳದ ಗುಹೆಯಿಂದ ಹಗಲಿರುಳು ಉಕ್ಕುವ ಬಿಸಿನೀರು. ದಡದಲ್ಲಿ ಹಿಮ ಬಿದ್ದರೂ ನೀರು 20 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಸೊಂಟಕ್ಕೆ ರಬ್ಬರ್ ಬಳೆ ಸಿಕ್ಕಿಸಿಕೊಂಡ ಕೀಲುನೋವಿನ ಅಜ್ಜಿಯರು ನಿನ್ನ ತಟ್ಟೆಯಗಲದ ಎಲೆಗಳ ಪಕ್ಕ ತೇಲುತ್ತಾರೆ. ಯುರೋಪಿನ ಚಳಿಗಾಲ ಕಟ್ಟುನಿಟ್ಟಿನ ಕಾವಲುಗಾರ. ಸೆಕೆನಾಡಿನ ಗಿಡ ಹೊಸ್ತಿಲು ದಾಟಲು ಬಿಡುವುದಿಲ್ಲ. ಬಿಸಿನೀರ ಬುಗ್ಗೆಯ ಮುಂದೆ ಮಾತ್ರ ಅವನಿಗೂ ತೂಕಡಿಕೆ.

ಅದೇ ಧೈರ್ಯದಲ್ಲಿ ನಮ್ಮ ತೇಲುಗಿಡ ಅಂತರಗಂಗೆಯೂ ಸ್ಲೊವೇನಿಯಾ ಸೇರಿದಳು, ಸಾವಾ ನದಿಯ ಬದಿಯ ಟೋಪ್ಲಾ ಎಂಬ ಬಿಸಿನೀರ ತೊರೆಗೆ. ಕರೆದೊಯ್ಯಲು ಯಾವ ಮೇಷ್ಟ್ರೂ ಬರಲಿಲ್ಲ; ಯಾರೋ ಬೇಜಾರಾಗಿ ಮೀನಿನ ತೊಟ್ಟಿ ಬರಿದು ಮಾಡಿರಬೇಕು. ನೀರಿನ ಮೇಲೆ ಚಾಪೆ ಹಾಸಿದಳು, ಕೆಳಗಿದ್ದ ಅಲ್ಲಿಯದೇ ಗಿಡಗಳಿಗೆ ಬೆಳಕು ತಪ್ಪಿತು. 2022ರಲ್ಲಿ ಐರೋಪ್ಯ ಒಕ್ಕೂಟ ಅವಳನ್ನು ಬೇಡದವರ ಪಟ್ಟಿಗೆ ಸೇರಿಸಿತು. ನೀನು ಬೇರೂರಿದ ಕಡೆ ಮೊದಲು ಯಾರಿದ್ದರು ಅಂತ ಟಿಕೆಟ್ ಕೊಂಡು ಈಜಲು ಬಂದವರು ಕೇಳುತ್ತಾರೆಯೇ?

ನಿನಗೆ ಸಿಕ್ಕ ಮನ್ನಣೆ ಬರೀ ಚೆಂದದ ಮಹಿಮೆ ಎನ್ನೋಣವೆಂದರೆ ಅದೂ ಅಲ್ಲ. ನೀನು ಹೊರಟ ಆಸುಪಾಸಿನಲ್ಲೇ ದಕ್ಷಿಣ ಅಮೆರಿಕದ ಒಬ್ಬಳು ನೇರಳೆ ಹೂ ಮುಡಿದು ಬಂಗಾಳಕ್ಕೆ ಬಂದಳು. ಚೆಂದವೆಂದೇ ನಾವೂ ತುಂಬಿಸಿಕೊಂಡೆವು. ಈಗ ಬೆಂಗಳೂರಿನ ಕೆರೆಗಳಲ್ಲಿ ಯಂತ್ರ ಹಚ್ಚಿ ಅವಳನ್ನು ಎಳೆದು ದಡಕ್ಕೆ ರಾಶಿ ಹಾಕುತ್ತಾರೆ. ಉಳಿದೊಂದು ತುಂಡು ಸಾಕು, ಮತ್ತೆ ಹಾಜರ್. ಹೂ ಮುಡಿದರೆ ಸಾಲದಮ್ಮ, ಟಿಕೆಟ್ಟೂ ಮಾರಿಕೊಡಬೇಕು. ಆ ವಿದ್ಯೆ ನಿನಗೊಬ್ಬಳಿಗೇ ಒಲಿದಿದೆ.

ಮರೆತಿದ್ದೆ. ಅಂತರಗಂಗೆ ತನಗೂ ಹೂವಿದೆ ಎಂದು ಹೇಳಿಕಳಿಸಿದ್ದಾಳೆ. ನಂಬದೆ ಒಂದು ಗಿಡ ಎತ್ತಿ, ನೀರು ಸೋರುವ ಎಲೆಗಳನ್ನು ಬೆರಳಲ್ಲಿ ಬಿಡಿಸಿ ನೋಡಿದೆ. ನಿಜ, ಬುಡದಲ್ಲಿ ಅವಿತಿದೆ, ಬಿಳಿಚಿಕೊಂಡು, ಕಿರುಬೆರಳ ಉಗುರಿನಷ್ಟು. ಲಾಂಛನಕ್ಕೆ ಆದೀತೇ ಎಂದು ನಿಮ್ಮೂರಿನವರನ್ನು ಕೇಳಿ ತಿಳಿಸು.

ಇಂತಿ,
ನಿನ್ನ ತವರಿನವನು