ಅಜ್ಜನ ಕೋವಿಯ ವಾರಸುದಾರರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಮೊಮ್ಮಕ್ಕಳೇ,

ಜೋಡುನಳಿಗೆ ಕೋವಿಯ ಫೋಟೊ ಕಳಿಸಿ "ಎಷ್ಟು ಲಕ್ಷ ಬಾಳುತ್ತೆ?" ಎಂದು ಕೇಳಿದ್ದೀರಿ. ಸಾವಿರದ ಸುದ್ದಿಯೇ ಇಲ್ಲ! ಗೋಡೆಯ ಮೇಲೆ ಕೋವಿ, ಪಕ್ಕದಲ್ಲಿ ಕಡವೆ ಕೊಂಬು, ಕೆಳಗೆ ಮೀಸೆ ತಿರುವುತ್ತ ನೀವು. (ಕೊಂಬಿನ ಕಾಗದಪತ್ರ ನಾನು ಕೇಳುತ್ತಿಲ್ಲ; ಅರಣ್ಯ ಇಲಾಖೆಯವರು ಕೇಳುತ್ತಾರೆ.) ಚಿತ್ರದಲ್ಲಿ ಎಲ್ಲವೂ ಇದೆ, ಬೆಲೆ ಹೇಳುವ ಭಾಗವೊಂದನ್ನು ಬಿಟ್ಟು.

ಅದಿರುವುದು ನಳಿಗೆಗಳ ಹೊಟ್ಟೆಯಡಿ. ಒಳಗೆ ತೋಟಾ ಇಲ್ಲವೆಂದು ಎರಡು ಸಲ ನೋಡಿ, ನಳಿಗೆ ಬಿಚ್ಚಿ ಮಗುಚಿ. ಇಂಗ್ಲಿಷ್ ಕೋವಿಯಾದರೆ 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಕಿರೀಟ ಮುದ್ರೆ ಸಿಕ್ಕೀತು. ಪರೀಕ್ಷೆಯಾದದ್ದು ಬರೀ ಕರಿಮದ್ದಿಗೋ, ಹೊಗೆಯಿಲ್ಲದ ಮದ್ದಿಗೋ? ತೋಟಾ ಕೂರುವ ಮನೆ ಎರಡೂವರೆ ಇಂಚೋ, ಎರಡೂಮುಕ್ಕಾಲೋ? ಮಾತು ಶುರುವಾಗುವುದೇ ಅಲ್ಲಿಂದ. ಆಮೇಲೆ ನಳಿಗೆಗಳನ್ನು ತೂಗುಬಿಟ್ಟು ಬೆರಳಲ್ಲಿ ತಟ್ಟಿ. ಗಂಟೆಯಂತೆ ಮೊಳಗಿದರೆ ಸರಿ. ಒಡಕು ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆ.

ನಳಿಗೆಯ ಮೇಲಿನ ಹಾವಿನ ಪೊರೆಯಂಥ ಗೆರೆಗಳನ್ನು ನೀವು ಮೆಚ್ಚಿದ್ದೀರಿ. ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಸರಳುಗಳನ್ನು ಹುರಿ ಹೊಸೆದು, ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆದ ಕೆಲಸ. ಚೆಂದವೇ. ಇವತ್ತಿನ ತೋಟಾ ಹಾಕಿ ಹೊಡೆದರೆ ವಾರಸುದಾರರ ಸಂಖ್ಯೆ ಕಡಿಮೆಯಾಗಿ ಪಾಲು ಹೆಚ್ಚೀತು.

"ತುಕ್ಕು ಹಿಡಿದಿತ್ತು, ಉಪ್ಪುಕಾಗದ ಹಾಕಿ ಫಳಫಳ ಮಾಡಿದ್ದೇವೆ" ಎಂಬ ಸಾಲು ಓದಿ ನನ್ನ ಕಣ್ಣು ತುಂಬಿತು. ಅಷ್ಟೊಂದು ಮಲೆನಾಡಿನ ಮಳೆಗಾಲಗಳ ಕೈಲಾಗದ್ದನ್ನು ಒಂದೇ ಭಾನುವಾರ ಮುಗಿಸಿದ್ದೀರಿ. ತಯಾರಿಸಿದವರು ಗ್ರೀನರೋ ವೆಬ್ಲಿಯೋ ಎಂದು ಹೇಳಬಹುದಾಗಿದ್ದ ಅಕ್ಷರ, ಕೆತ್ತನೆ, ಹಳೆಯ ಬಣ್ಣ, ಎಲ್ಲ ನುಣ್ಣಗಾಗಿವೆ. ಕೊಳ್ಳುವವರು ಕಾಸು ಕೊಡುತ್ತಿದ್ದದ್ದು ಅದಕ್ಕೇ.

ಇನ್ನು ಕೊಳ್ಳುವವರು ಯಾರು? ಅವರಿಗೂ ಲೈಸೆನ್ಸ್ ಬೇಕು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರಿಗೆ ಮೂರರ ಬದಲು ಎರಡೇ ಕೋವಿ. ಮೂರಿಟ್ಟುಕೊಂಡಿದ್ದ ಪ್ಲಾಂಟರ್ ಸಾಹೇಬರು ಈಗ ನಿಮ್ಮ ಜೊತೆ ಮಾರುವವರ ಸಾಲಿನಲ್ಲಿದ್ದಾರೆ. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನಿಂದ ವಿನಾಯಿತಿಯಿದೆ, ನಿಜ. ನೀವು ಎರಡೂ ಅಲ್ಲ. ನಿಮ್ಮಜ್ಜನದು ಬೆಳೆ ರಕ್ಷಣೆಯ ಲೈಸೆನ್ಸು. ಅಜ್ಜ ಹೋದ ಮೇಲೆ ಕೋವಿ ಠಾಣೆಯಲ್ಲೋ ಅಧಿಕೃತ ಕೋವಿ ಅಂಗಡಿಯಲ್ಲೋ ಇರಬೇಕಿತ್ತು, ಗೋಡೆಯ ಮೇಲಲ್ಲ.

ಆ ಲೈಸೆನ್ಸ್ ಪುಸ್ತಕದ ಫೋಟೊ ಒಂದು ಕಳಿಸಿ. ಬಂದ ಹದಿನೇಳು ಫೋಟೊಗಳಲ್ಲಿ ಅದು ಕಾಣಲಿಲ್ಲ.

ಇತಿ ನಿಮ್ಮ,
ಲಕ್ಷ ಹೇಳಲಾರದ ಹಳೇ ಕೋವಿ ರಿಪೇರಿಯವ